ಹಿಂದಕ್ಕೆ ಹೊರಟ ವಿಮಾನದ ಕುರಿತು ಹೋಲಿಕೆ ತಜ್ಞರಿಗೆ

ಮಾನ್ಯರೇ,

ಕೊಪ್ಪದ ಹಳೇ ಅಕ್ಕಿ ಗಿರಣಿಯ ಶೆಡ್ಡಿನಿಂದ, ಒಂದೇ ರೆಕ್ಕೆ ಉಳಿದಿರುವ ವಿಮಾನವೊಂದರ ಅರ್ಧ ಒಡತಿಯಾದ ನಾನು, ‘ಮೇಘಮಿತ್ರ’ ಎಂಜಿನ್ ಮತ್ತು ಪ್ರೊಪೆಲ್ಲರ್ ಮಾರಾಟ ಸಂಸ್ಥೆಯಲ್ಲಿ ಯಾವುದು ವಾಸಿ ಎಂದು ತಿಳಿಸುವ ಹೋಲಿಕೆ ವಿಭಾಗದ ಮುಖ್ಯ ತಜ್ಞರಾದ ತಮಗೆ ಶಿರಬಾಗಿ ವಂದಿಸುತ್ತೇನೆ. ತಮ್ಮ ಫೋನು ಸದಾ ರಿಂಗಾಗುತ್ತಿರಲಿ, ತಮ್ಮ ಗಂಟಲು ಎಂದೂ ಕೂರದಿರಲಿ ಎಂದು ಮೊನ್ನೆ ಶೃಂಗೇರಿಗೆ ಹೋದಾಗ ಶಾರದೆಯ ಮುಂದೆ ಬೇಡಿಕೊಂಡು ಬಂದಿದ್ದೇನೆ. ಮಾತಿನ ದೇವತೆ ಅವಳೇ ಆದ್ದರಿಂದ ತಮ್ಮ ವಿಷಯ ಅವಳಿಗೂ ಒಂದಿಷ್ಟು ತಿಳಿದಿರಲಿ ಎನ್ನಿಸಿತು.

ನಾನು ಅನ್ನಪೂರ್ಣೇಶ್ವರಿ, ನಿವೃತ್ತಿಯಾಗುವವರೆಗೆ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ವಿಮಾನದ ಉಳಿದರ್ಧದ ಒಡತಿ ಗಂಗಾಂಬಿಕೆ, ನರಸಿಂಹರಾಜಪುರದಲ್ಲಿ ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ ಇವುಗಳನ್ನು ಮಾರಿ ರಿಪೇರಿಯನ್ನೂ ಮಾಡುವವಳು, ಹೈಸ್ಕೂಲಿನ ಬೆಂಚಿನಿಂದ ನನ್ನ ಗೆಳತಿ. ನನ್ನ ಕಡೆ ತುಂಗೆ, ಅವಳ ಕಡೆ ಭದ್ರೆ. ಎರಡು ಹೊಳೆಯನ್ನೂ ಒಂದೇ ಸಲಕ್ಕೆ ಮೇಲಿನಿಂದ ನೋಡಬೇಕೆಂಬ ಹುಚ್ಚು ಹಿಡಿದು ಎರಡು ಸೀಟಿನ ಹಗುರ ವಿಮಾನವೊಂದನ್ನು ನಾವೇ ಕೈಯಾರೆ ಕಟ್ಟಿದೆವು. “ಈ ಹೆಂಗಸ್ರಿಗೆ ಎಂತ ಬಂತು ಮಾರಾಯ” ಎಂದು ಊರು ನಕ್ಕರೂ ಕಟ್ಟುವಷ್ಟು ಕಾಲ ನಮ್ಮಿಬ್ಬರಲ್ಲಿ ಒಂದು ಒರಟು ಮಾತು ಬರಲಿಲ್ಲ. ಆ ಕೊರತೆಯನ್ನು ತಾವು ದೊಡ್ಡ ಮನಸ್ಸು ಮಾಡಿ ನೀಗಿಸಿದಿರಿ.

ಹಾರಾಟದ ಅನುಮತಿ ಕೇಳುವ ಮೊದಲು ಯಾವ ಎಂಜಿನ್, ಯಾವ ಪ್ರೊಪೆಲ್ಲರ್ ಎಂಬುದು ತೀರ್ಮಾನವಾಗಬೇಕಿತ್ತು. ನನ್ನ ಒಲವು ಫೋರ್ ಸ್ಟ್ರೋಕ್ ಕಡೆಗಿತ್ತು, ಭಾರವಾದರೂ ನಂಬಿಕಸ್ಥ. ಗಂಗಾಂಬಿಕೆಯದು ಟೂ ಸ್ಟ್ರೋಕ್. ಹಗುರ, ಅಲ್ಲದೆ ಅದರ ಕೆಮ್ಮು ಸೀನು ಎಲ್ಲ ಅವಳಿಗೆ ಅಂಗಡಿಯಲ್ಲೇ ಪರಿಚಯ. ತಿಳಿದವರನ್ನೇ ಕೇಳೋಣ, ಅವರು ಹೇಳಿದ್ದಕ್ಕೆ ಇಬ್ಬರೂ ತಲೆಬಾಗೋಣ, ಅವಳು ಎಂಜಿನ್ ತರಿಸಲಿ, ನಾನು ಪ್ರೊಪೆಲ್ಲರ್ ತರಿಸುತ್ತೇನೆ ಎಂದು ಒಪ್ಪಂದವಾಯಿತು. ನಾನು ಫೋನು ಮಾಡಿ ಫೋರ್ ಸ್ಟ್ರೋಕ್ ವಾಸಿಯಲ್ಲವೇ ಎಂದು ಕೇಳಿದ್ದೇ ತಡ, “ಮೇಡಂ, ನಿಮ್ಮಂಥ ಓದಿದವರು ಕೇಳೋ ಪ್ರಶ್ನೆನೇ ಬೇರೆ, ಫೋರ್ ಸ್ಟ್ರೋಕೇ, ಅದಕ್ಕೆ ನಮ್ಮ ಮೂರು ಅಲಗಿನ ಕಾರ್ಬನ್ ಪ್ರೊಪೆಲ್ಲರೇ” ಎಂದು ಅಪ್ಪಣೆ ಕೊಡಿಸಿದಿರಿ. ಅದೇ ಮಧ್ಯಾಹ್ನ ಗಂಗಾಂಬಿಕೆ ಫೋನು ಮಾಡಿ ಟೂ ಸ್ಟ್ರೋಕ್ ವಾಸಿಯಲ್ಲವೇ ಎಂದಾಗ, “ಅಕ್ಕಾ, ನಿಮ್ಮಂಥ ಕೈಪಳಗಿದವರಿಗೆ ಟೂ ಸ್ಟ್ರೋಕೇ” ಎಂದಿರಿ. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರನ್ನು ನೆನೆದು ಕಟ್ಟಿದರೋ ಎಂದು ಯೋಚಿಸುತ್ತಿದ್ದೆ, ಈಗ ಅನುಮಾನವಿಲ್ಲ.

ತಜ್ಞರ ಮಾತು ಒಂದೇ ಇರುತ್ತದೆಂದು ಒಬ್ಬರನ್ನೊಬ್ಬರು ಕೇಳದೆಯೇ ಇಬ್ಬರೂ ಸಾಮಾನು ತರಿಸಿಬಿಟ್ಟೆವು. ಪೆಟ್ಟಿಗೆಗಳು ಬಂದು, ಎಂಜಿನ್ ಒಂದು ಜಾತಿಯದು, ಪ್ರೊಪೆಲ್ಲರ್ ಇನ್ನೊಂದು ಜಾತಿಗೆ ಹೇಳಿ ಮಾಡಿಸಿದ್ದು ಎಂದು ತಿಳಿದಾಗಲೂ ನಾವು ಜಗಳವಾಡಲಿಲ್ಲ. ಪೆಟ್ಟಿಗೆಯ ಜೊತೆ ಬಂದ ತಮ್ಮ ಹೋಲಿಕೆ ಪಟ್ಟಿಯ ಕೊನೆಯ ಸಾಲಿನಲ್ಲಿ ‘ನಮ್ಮ ಯಾವ ಎಂಜಿನ್‌ಗೂ ನಮ್ಮ ಯಾವ ಪ್ರೊಪೆಲ್ಲರಾದರೂ ಹೊಂದುತ್ತದೆ’ ಎಂಬ ವೇದವಾಕ್ಯವಿತ್ತು. ನಿಜಕ್ಕೂ ಹೊಂದಿತು, ಬೋಲ್ಟುಗಳು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದವು. ಎಳೆತ ಎಷ್ಟಿದೆ ನೋಡೋಣವೆಂದು ವಿಮಾನದ ಬಾಲವನ್ನು ಗಿರಣಿಯ ಹಿಂದಿನ ಹಲಸಿನ ಮರಕ್ಕೆ ಹಗ್ಗದಲ್ಲಿ ಕಟ್ಟಿ, ನಡುವೆ ಅಡಿಕೆ ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಗಂಗಾಂಬಿಕೆ ಎಂಜಿನ್ ಚಾಲೂ ಮಾಡಿದಳು. ತಕ್ಕಡಿಯ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಹಗ್ಗ ಬಿಗಿಯುವ ಬದಲು ಸಡಿಲವಾಯಿತು, ಮತ್ತು ನಮ್ಮ ವಿಮಾನ ತವರಿಗೆ ಬಂದ ಮಗಳ ಹಾಗೆ ಮೆಲ್ಲಗೆ ಹಿಂದೆ ಹಿಂದೆ ಬಂದು ಹಲಸಿನ ಮರಕ್ಕೆ ಬೆನ್ನು ಕೊಟ್ಟು ಬಾಲ ಸೊಟ್ಟ ಮಾಡಿಕೊಂಡು ನಿಂತಿತು. ಎಂಜಿನ್ ಎಡಕ್ಕೆ ತಿರುಗುವಂಥದು, ಪ್ರೊಪೆಲ್ಲರ್ ಬಲಕ್ಕೆ ತಿರುಗಲು ಕೆತ್ತಿದ್ದು. ಭೌತಶಾಸ್ತ್ರ ಓದಿದ ನಾನು ಅಲಗಿನ ಓರೆ ನೋಡಬೇಕಿತ್ತು ಎನ್ನುವಿರಾದರೆ, ಸ್ವಾಮಿ, ತಮ್ಮಂಥವರು ‘ಹೊಂದುತ್ತದೆ’ ಎಂದ ಮೇಲೆ ನೋಡುವುದು ಅಪಚಾರವೆಂದು ಸುಮ್ಮನಿದ್ದೆ.

ಜಗಳ ಶುರುವಾದದ್ದು ಆಗ. ಟೂ ಸ್ಟ್ರೋಕ್ ತಗೋ ಅಂದವರು ಯಾರು ಎಂದು ನಾನು, “ನಿನ್ನ ತಜ್ಞರೇ ಅಂದಿದ್ದು ಮಾರಾಯ್ತಿ” ಎಂದು ಅವಳು. ಹಾಗಾದರೆ ಸುಳ್ಳು ಹೇಳುತ್ತಿರುವವಳು ನೀನೇ ಎಂದು ನಾನು. ಅಷ್ಟು ದೊಡ್ಡ ಸಂಸ್ಥೆಯ ತಜ್ಞರು ಒಂದೇ ವಿಮಾನಕ್ಕೆ ಒಂದೇ ದಿನ ಎರಡು ಮಾತಾಡುತ್ತಾರೆಂದು ನಂಬುವುದಕ್ಕಿಂತ, ಇಷ್ಟು ವರ್ಷದ ಗೆಳತಿ ಸುಳ್ಳಿಯೆಂದು ನಂಬುವುದು ನಮ್ಮಿಬ್ಬರಿಗೂ ಸುಲಭವಾಯಿತು. ಅವಳು ಮುಖ ತಿರುಗಿಸಿ ಹೊರಟದ್ದನ್ನು ತಮ್ಮ ಪಟ್ಟಿಯ ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯದು.

ಮುಂದೆ ನಮ್ಮ ಕಡೆಯ ಪದ್ಧತಿಯಂತೆ ಹಿಸ್ಸೆಯಾಯಿತು. ಬಾಳೆಹೊನ್ನೂರಿನಿಂದ ಅವಳ ದೊಡ್ಡಪ್ಪನ ಮಗ ಜಯದೇವಪ್ಪನವರು ಪಂಚಾಯಿತಿಗೆ ಬಂದರು. ತೋಟ ಗದ್ದೆ ಹಂಚಿಸುವುದರಲ್ಲಿ ಎತ್ತಿದ ಕೈ, ವಿಮಾನ ಹಂಚಿಸಿದ್ದು ಇದೇ ಮೊದಲು. ಹಿರಿಯವಳು ಪಾಲು ಮಾಡಬೇಕು, ಕಿರಿಯವಳು ಮೊದಲು ಆರಿಸಬೇಕು ಎಂಬ ಕಟ್ಟಳೆಯಂತೆ ಒಂದೊಂದು ರೆಕ್ಕೆ, ಒಂದೊಂದು ಸೀಟು ಎಂದು ನಾನು ಪಾಲು ಮಾಡಿದೆ, ಅವಳು ಎಡಗಡೆಯದನ್ನು ಆರಿಸಿದಳು. ಎಂಜಿನ್ ಅವಳಿಗೆ, ಪ್ರೊಪೆಲ್ಲರ್ ನನಗೆ. “ಯಾರಿಗೂ ಅನ್ಯಾಯ ಆಗ್ಲಿಲ್ಲ, ನೋಡಿ” ಎಂದು ಜಯದೇವಪ್ಪನವರು ಕಾಫಿ ಕುಡಿದು ಹೋದರು.

ಕಳೆದ ವಾರ ತಮಗೆ ಪ್ರೇಮಕ್ಕ ಎಂಬವರ ಫೋನು ಬಂದದ್ದು ನೆನಪಿರಬಹುದು. ಆ ಪ್ರೇಮಕ್ಕ ನಾನೇ. ಕಳೆ ಕೊಚ್ಚುವ ಯಂತ್ರದ ಎಂಜಿನ್‌ಗೆ ಸೀಲಿಂಗ್ ಫ್ಯಾನಿನ ರೆಕ್ಕೆ ಕಟ್ಟಿ ಕೆರೆಕಟ್ಟೆಯಿಂದ ಹಾರೋಣವೆಂದಿದ್ದೇನೆ ಎಂದಾಗ, ತಾವು ಉಸಿರೂ ತೆಗೆದುಕೊಳ್ಳದೆ “ಅಕ್ಕಾ, ನಿಮ್ಮಂಥ ಅನುಭವಸ್ಥರಿಗೆ ಅದೇ ಸರಿ” ಎಂದಿರಿ. ಗಂಗಾಂಬಿಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆದ್ದರಿಂದ ತಮ್ಮಲ್ಲಿ ವಿನಂತಿ. ಪ್ರೊಪೆಲ್ಲರ್ ಇಲ್ಲದ ಎಂಜಿನ್, ಎಂಜಿನ್ ಇಲ್ಲದ ಪ್ರೊಪೆಲ್ಲರ್ ಇವೆರಡರಲ್ಲಿ ಯಾವುದು ಹೆಚ್ಚು ಎತ್ತರ ಏರುತ್ತದೆ, ಎಡ ರೆಕ್ಕೆಯೊಂದೇ ಹಾರುವುದು ಮೇಲೋ ಬಲ ರೆಕ್ಕೆಯೊಂದೇ ಹಾರುವುದು ಮೇಲೋ ಎಂದು ಒಂದು ಹೋಲಿಕೆ ಪಟ್ಟಿ ಕಳುಹಿಸಿಕೊಡಿ. ನಾವು ಎಂಥ ಉತ್ತರ ಬಯಸುತ್ತೇವೆಂದು ಈ ಸಲ ಹೇಳುವುದಿಲ್ಲ, ತಮಗೆ ಕಷ್ಟವಾಗಬಹುದು. ಅದೂ ಆಗದಿದ್ದರೆ ಗಂಗಾಂಬಿಕೆಗೆ ಒಂದೇ ಒಂದು ಸಾಲು ಬರೆಯಿರಿ: ‘ಇಬ್ಬರಿಗೂ ಬೇರೆ ಬೇರೆ ಹೇಳಿದವನು ನಾನೇ.’ ಹಣ ಬೇಡ, ಬದಲಿ ಸಾಮಾನು ಬೇಡ. ನನ್ನ ಬಾಯಿಂದ ಹೇಳಿದರೆ ಅವಳು ನಂಬುವುದಿಲ್ಲ, ನಾನು ಅವಳನ್ನು ನಂಬಲಿಲ್ಲವಲ್ಲ.

ತಮ್ಮ ಮಾತಿಗೆ ತಲೆಬಾಗಿ ಕೆಟ್ಟ,
ತಮ್ಮ ವಿಶ್ವಾಸಿ,
ಅನ್ನಪೂರ್ಣೇಶ್ವರಿ

ತಾ.ಕ.: ಆ ಸಾಲು ಬರೆಯುವ ಶ್ರಮ ತಮಗಿನ್ನು ಬೇಡ. ಇಷ್ಟು ಬರೆದು ಮುಗಿಸುವಾಗ ಗಿರಣಿಯ ಮುಂದೆ ಜೀಪು ನಿಂತಿತು. ಅದರ ತಲೆಯ ಮೇಲೆ ಎಡ ರೆಕ್ಕೆ ಕಟ್ಟಿತ್ತು. ಗಂಗಾಂಬಿಕೆಯೂ ಬೇರೆ ಹೆಸರಿನಲ್ಲಿ ತಮಗೆ ಫೋನು ಮಾಡಿದ್ದಳಂತೆ. “ಗಾಣದ ಎತ್ತು ಕಟ್ಟಿ ಹಾರಿಸ್ತೀನಿ ಅಂದೆ ಮಾರಾಯ್ತಿ, ನಿಮ್ಮಂಥವರಿಗೆ ಎತ್ತೇ ಸರಿ ಅಂದ!” ಎಂದು ಇಳಿಯುವ ಮೊದಲೇ ಕೂಗಿದಳು. ಈಗ ನನ್ನ ಪಕ್ಕದಲ್ಲೇ ಕೂತು ಈ ಪತ್ರದಲ್ಲಿ ಮರ್ಯಾದೆ ಜಾಸ್ತಿಯಾಯಿತೆಂದು ಬೈಯುತ್ತಿದ್ದಾಳೆ. ಎಂಜಿನ್ ಇಟ್ಟುಕೊಳ್ಳುತ್ತೇವೆ, ಅದಕ್ಕೆ ತಕ್ಕ ಪ್ರೊಪೆಲ್ಲರನ್ನು ನಾವೇ ಅಲಗು ನೋಡಿ ಬೇರೆ ಕಡೆ ಕೊಳ್ಳುತ್ತೇವೆ. ತಮ್ಮದನ್ನು ನಾಳೆ ಪಾರ್ಸೆಲ್ ಮಾಡುತ್ತಿದ್ದೇವೆ. ಹಿಂದಕ್ಕೆ ಬರುವುದೊಂದನ್ನು ಮಾತ್ರ ಅದು ಚೆನ್ನಾಗಿ ಬಲ್ಲದು.