ಮೊದಲ ಹಾಲಿಗೆ ಸೊನ್ನೆ

ನಾನು ಎದುರಿಗೆ ಹೋಗಿ ನಿಂತರೆ ಕೆಟ್ಟ ಯಂತ್ರಗಳೆಲ್ಲ ನೆಟ್ಟಗೆ ಕೆಲಸ ಮಾಡುತ್ತವೆ. ವಾಪಸ್ ಬಸ್ಸು ಹತ್ತಿದ ಮೇಲೆ ಮತ್ತೆ ಕೆಡುತ್ತವೆ. ಇಪ್ಪತ್ತು ವರ್ಷದಿಂದ ಇದೇ ಪಾಡು. ಚಿತ್ರದುರ್ಗದ ಸಣ್ಣ ಕಂಪನಿಯೊಂದರಲ್ಲಿ ನನ್ನ ಕೆಲಸ. ಹಳ್ಳಿಯ ಹಾಲಿನ ಡೇರಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಮಾತನ್ನು ಕಂಪ್ಯೂಟರಿಗೆ ತಲುಪಿಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶವನ್ನು ಬರೆಯುವವನು ನಾನು. ಹಾಗಾಗಿ ತಪ್ಪಾದರೆ ಬೇರೆ ಯಾರ ಕಡೆಗೂ ಬೆರಳು ತೋರಿಸುವಂತಿಲ್ಲ.

೧. ಅಜ್ಜಿಯ ಹಸು

ತಾಳ್ಯದ ಆಚೆ ಒಂದು ಡೇರಿ. ಅಲ್ಲಿ ದಿನಾ ಮೊದಲು ಹಾಲು ಹಾಕುವವಳು ಒಬ್ಬ ಅಜ್ಜಿ. ಅವಳಿಗಿರುವುದು ಒಂದೇ ಹಸು. ನಮ್ಮ ತಕ್ಕಡಿ ಇಟ್ಟು ಮೂರು ದಿನವಾಗಿತ್ತು. ಮೂರೂ ದಿನ ಅವಳ ಹಾಲಿಗೆ ಕಂಪ್ಯೂಟರ್ ಸೊನ್ನೆ ಬರೆದಿತ್ತು. ಅವಳ ಹಿಂದೆ ಸಾಲಿನಲ್ಲಿದ್ದವರದೆಲ್ಲ ಸರಿ. ಒಮ್ಮೆ ಬರೆದದ್ದನ್ನು ಯಾರೂ ತಿದ್ದಬಾರದೆಂದು ಬಿಗಿ ಮಾಡಿದ್ದವನೂ ನಾನೇ.

ನಾನು ಹೋಗಿ ಮುಟ್ಟಿದ್ದು ಮಧ್ಯಾಹ್ನ. ಯಂತ್ರ ಬೆಳಗ್ಗೆಯಿಂದ ಚಾಲೂ ಇತ್ತು. ನೀರಿನ ಬಿಂದಿಗೆ ಇಟ್ಟೆ, ತೂಕ ಬಂತು. ಹತ್ತು ಸಲ ಇಟ್ಟೆ, ಹತ್ತು ಸಲವೂ ಬಂತು.

"ಯಂತ್ರ ಸರಿಯಾಗೇ ಐತಲ್ಲ ಸರ್," ಎಂದ ಡೇರಿಯ ಕಾರ್ಯದರ್ಶಿ. "ಅಜ್ಜಿ ಹಾಲಲ್ಲೇ ಏನೋ ಇರ್ಬೇಕು."

ಅಜ್ಜಿ ಬಾಗಿಲಲ್ಲೇ ಕೂತಿದ್ದಳು. "ನೀರಿಗೆ ಹತ್ತು ಸಲ ತೂಕ ಕೊಟ್ಟೈತೆ," ಎಂದಳು. "ನಾಳೆಯಿಂದ ನೀರೇ ತಂದು ಹಾಕ್ಲೇನಪ್ಪ?"

೨. ನೀವು ಮೊದಲು

ಮರುದಿನ ಅಜ್ಜಿ ಸಾಲಿನ ಕೊನೆಗೆ ಹೋಗಿ ನಿಂತಳಂತೆ. ಊರಿಗೆ ಎಂದೂ ಇಲ್ಲದ ವಿನಯ ಬಂತು.

"ದೊಡ್ಡೋರು, ನೀವು ಮೊದ್ಲು ಹಾಕ್ರಿ."

"ನಂದೇನು ಅವಸರ? ನೀನು ಹೊಲಕ್ಕೆ ಹೋಗೋನು, ಹಾಕಪ್ಪ."

"ನಿಮ್ಮನ್ನ ದಾಟಿ ಹೋಗಾದು ಚೆನ್ನಾಗಿರಲ್ಲ ಕಣ್ರಿ."

ಹಿಂದಿನ ವಾರ ಸಾಲು ತಪ್ಪಿಸಿದ್ದಕ್ಕೆ ಅಂಗಿ ಹಿಡಿದು ಎಳೆದಾಡಿದ್ದವರೇ ಇವರು. ಅಷ್ಟರಲ್ಲಿ ಡೇರಿ ಅಧ್ಯಕ್ಷರು ಕ್ಯಾನು ಹಿಡಿದು ಬಂದರು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ಇಷ್ಟು ಮರ್ಯಾದೆ ಅವರಿಗೆ ಚುನಾವಣೆ ಗೆದ್ದಾಗಲೂ ಸಿಕ್ಕಿರಲಿಲ್ಲ.

ಅಜ್ಜಿಯ ಸೊನ್ನೆ ಚಿತ್ರದುರ್ಗಕ್ಕೆ ತಲುಪಲು ಮೂರು ದಿನ ಹಿಡಿದಿತ್ತು. ಅಧ್ಯಕ್ಷರ ಸೊನ್ನೆ ಮೂರು ನಿಮಿಷದಲ್ಲಿ ತಲುಪಿತು. "ಸೋಮವಾರದೊಳಗೆ ಸರಿಯಾಗ್ದಿದ್ರೆ ನಿಮ್ಮ ಯಂತ್ರ ತಗಂಡು ಹೋಗ್ರಿ," ಎಂದರು ಫೋನಿನಲ್ಲಿ. "ನಮ್ಮ ಹಳೇ ಅಳತೆ ಲೀಟರು ಮೊಳೆಗೆ ಇನ್ನೂ ನೇತಾಡ್ತಾ ಐತೆ. ಅದಕ್ಕೆ ಸ್ವಿಚ್ಚೂ ಬೇಕಾಗಿಲ್ಲ."

೩. ಕೆಲಸ ಅಲ್ಲದ್ದು

ಶ್ರೀರಾಂಪುರದ ಕಡೆ ಇನ್ನೊಂದು ಡೇರಿಯಲ್ಲಿ ಇದೇ ತಕ್ಕಡಿ, ಇದೇ ಡ್ರೈವರ್. ಅಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಕೆಟ್ಟದ್ದನ್ನು ನೋಡಿ ಸಾಕಾಗಿ, ಕೆಡದದ್ದನ್ನು ನೋಡಲು ಹೋದೆ.

"ಬೆಳಗ್ಗೆ ಹೇಗೆ ಶುರು ಮಾಡ್ತೀರಿ?" ಎಂದು ಅಲ್ಲಿಯ ಕಾರ್ಯದರ್ಶಿಯನ್ನು ಕೇಳಿದೆ. ಅವರು ಹಿರಿಯರು.

"ಏನಿಲ್ಲ ಸರ್. ಸ್ವಿಚ್ ಹಾಕ್ತೀನಿ, ಹಾಲು ತಗಂತೀನಿ."

ಅಲ್ಲೇ ಉಳಿದು ಮರುಬೆಳಗ್ಗೆ ಮೂಲೆಯಲ್ಲಿ ನಿಂತು ನೋಡಿದೆ. ಅವರು ಸ್ವಿಚ್ ಹಾಕಿದರು. ಕೈ ತೊಳೆದರು. ತಕ್ಕಡಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು, ಎರಡು ಊದುಬತ್ತಿ ಹಚ್ಚಿದರು, ಕಣ್ಣು ಮುಚ್ಚಿದರು, ಗಂಟೆ ಬಾರಿಸಿದರು. ಆಮೇಲೆ ಸಾಲಿನ ಕಡೆ ತಿರುಗಿ, "ಬರ್ರಿ" ಎಂದರು.

"ಇದನ್ನು ನೀವು ಹೇಳಲೇ ಇಲ್ಲವಲ್ಲ."

"ನೀವು ಕೆಲಸ ಕೇಳಿದ್ರಿ. ಇದು ಕೆಲಸ ಅಲ್ಲವಲ್ಲ ಸರ್."

ಆಗ ಹೊಳೆಯಿತು. ಸ್ವಿಚ್ ಹಾಕಿದ ಮೇಲೆ ತೂಗಲು ಸಿದ್ಧವಾಗುವುದಕ್ಕೆ ತಕ್ಕಡಿಗೆ ಸ್ವಲ್ಪ ಹೊತ್ತು ಬೇಕು. ನನ್ನ ಡ್ರೈವರ್ ಅಷ್ಟು ಕಾಯದೆ, ಹಾಲು ಬಂದ ಕೂಡಲೇ ತೂಕ ಕೇಳಿಬಿಡುತ್ತಿತ್ತು. ಉತ್ತರ ಬರದಿದ್ದರೆ ಸೊನ್ನೆ ಎಂದು ಬರೆದುಕೊಳ್ಳುತ್ತಿತ್ತು. ಇಬ್ಬರಲ್ಲಿ ಯಾರು ಮೊದಲು ಎಂಬ ಓಟ. ಇಲ್ಲಿ ಪೂಜೆ ಮುಗಿಯುವಷ್ಟರಲ್ಲಿ ತಕ್ಕಡಿ ಗೆದ್ದಿರುತ್ತಿತ್ತು. ತಾಳ್ಯದ ಕಡೆಯ ಕಾರ್ಯದರ್ಶಿ ಚುರುಕಿನವನು; ಸ್ವಿಚ್ ಹಾಕುವಾಗಲೇ ಅಜ್ಜಿಯ ಹಾಲು ತಕ್ಕಡಿಯ ಮೇಲಿರುತ್ತಿತ್ತು.

ಕಂಪನಿಯ ಮಾಲೀಕರಿಗೆ ಫೋನಿನಲ್ಲಿ ವಿವರಿಸಿದೆ. ಅವರು, "ಹಾಗಾದ್ರೆ ತಕ್ಕಡಿ ಜೊತೆ ಒಂದು ಕಟ್ಟು ಊದುಬತ್ತಿ ಕೊಟ್ಟರೆ ಮುಗೀತಲ್ಲ," ಎಂದರು.

೪. ಸೋಮವಾರ

ಡ್ರೈವರನ್ನು ಹತ್ತು ಸೆಕೆಂಡು ಸುಮ್ಮನೆ ಕಾಯಿಸಿದರೂ ಸಾಕಿತ್ತು. ಆದರೆ ಚಳಿಗಾಲದ ಬೆಳಗ್ಗೆ ಅದೂ ಸಾಲದೆ ಹೋದರೆ ಸೊನ್ನೆ ಬರುವುದು ಮತ್ತೆ ಅಜ್ಜಿಗೇ. ಅದು ಬೇಡ ಎಂದುಕೊಂಡೆ. ಎರಡು ದಿನ ಕೂತು, ತಕ್ಕಡಿಯೇ ಸಿದ್ಧ ಎಂದು ಹೇಳುವವರೆಗೆ ಡ್ರೈವರ್ ಬಾಯಿ ಬಿಡದಂತೆ ಬರೆದೆ.

ಸೋಮವಾರ ಹೋದಾಗ ಅಧ್ಯಕ್ಷರು ಹಳೇ ಅಳತೆ ಲೀಟರನ್ನು ತೊಳೆಸಿ ಮೇಜಿನ ಮೇಲೆ ಇಡಿಸಿದ್ದರು. ನಾನು ಅಜ್ಜಿಯನ್ನು ಮುಂದೆ ಕರೆದೆ.

"ಇವತ್ತೂ ಸೊನ್ನೆ ಬಂದ್ರೆ?"

"ಬರಲ್ಲ ಅಜ್ಜಿ."

ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟು ನಂಬಿಕೆ ಬಂದಂತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಊದುಬತ್ತಿ ತೆಗೆದಳು. ಶ್ರೀರಾಂಪುರದ ಸುದ್ದಿ ನನಗಿಂತ ಮೊದಲೇ ಬಸ್ಸಿನಲ್ಲಿ ಬಂದಿತ್ತು. ಬೇಡವೆನ್ನುವುದರೊಳಗೆ ಹಚ್ಚಿಯಾಗಿತ್ತು.

ಹಾಲು ಇಟ್ಟು ಸ್ವಿಚ್ ಹಾಕಿದೆ. ಪರದೆ ಸ್ವಲ್ಪ ಹೊತ್ತು ಖಾಲಿ ಇತ್ತು. ಆಮೇಲೆ ಮೂರು ಕಿಲೋ ನಾನೂರು ಎಂದು ತೋರಿಸಿತು. ಜನ ಕೈ ಮುಗಿದರು, ಊದುಬತ್ತಿಗೆ.

ಎರಡು ದಿನದ ಕೆಲಸ ಹೊಗೆಯಾಗುವುದನ್ನು ನೋಡುತ್ತ ನಿಲ್ಲಲು ನಾನು ಸಿದ್ಧನಿರಲಿಲ್ಲ. ಊದುಬತ್ತಿಯನ್ನು ಹೊರಗೆ ಕಟ್ಟೆಯ ಮೇಲೆ ಸಿಕ್ಕಿಸಿ ಬಂದೆ. ನೀರಿನ ಬಿಂದಿಗೆ ಇಟ್ಟು ಐದು ಸಲ ಸ್ವಿಚ್ ಆರಿಸಿ ಹಾಕಿದೆ. ಐದು ಸಲವೂ ತೂಕ ಬಂತು. ಅಧ್ಯಕ್ಷರು ಅಳತೆ ಲೀಟರನ್ನು ತಾವೇ ಎತ್ತಿ ಮೊಳೆಗೆ ತೂಗುಹಾಕಿದರು.

"ನೋಡಿದೆಯಾ ಅಜ್ಜಿ? ಊದುಬತ್ತಿ ಇಲ್ಲದೆಯೂ ಬರುತ್ತೆ," ಎಂದೆ.

ಅಜ್ಜಿ ಖಾಲಿ ಪಾತ್ರೆಯನ್ನು ಸೊಂಟಕ್ಕೆ ಏರಿಸಿಕೊಂಡಳು.

"ನೋಡ್ದೆ ಕಣಪ್ಪ. ನಮ್ಮದು ಒಂದು ಹಚ್ಚಿದ್ದು ಆರು ಸಲಕ್ಕೆ ಬಂತು. ಶ್ರೀರಾಂಪುರದೋರು ದಿನಾ ಎರಡೆರಡು ಹಚ್ಚಿ ಸುಮ್ನೆ ದಂಡ ಮಾಡ್ತಾ ಅವ್ರೆ."