ಸಿಗ್ನಲ್ಲಿನ ಮೂರಕ್ಷರ

ಆಫೀಸಿನ ವ್ಯಾನು ದೊಡ್ಡ ಸಿಗ್ನಲ್ಲಿನಲ್ಲಿ ನಿಂತಿತೆಂದರೆ ಒಳಗಿದ್ದವರ ಪದದಾಟ ಶುರು. ಮುಂದೆ ನಿಂತ ಗಾಡಿಯ ನಂಬರ್ ಪ್ಲೇಟಿನ ಮೂರು ಇಂಗ್ಲಿಷ್ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವೊಂದನ್ನು ಪ್ರತಿಯೊಬ್ಬರೂ ಹೇಳಬೇಕು. ಹಿಂದೆ, ಮುಂದೆ, ನಡುವೆ ಬೇರೆ ಅಕ್ಷರ ಎಷ್ಟಿದ್ದರೂ ಸರಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಹಸಿರು ದೀಪ ಬರುವುದರೊಳಗೆ ಹೇಳಲಾಗದವನು ಅಂದು ಎಲ್ಲರ ಊಟದ ಡಬ್ಬಿ ತೊಳೆಯಬೇಕು. ಸರದಿ ಸೀನಿಯಾರಿಟಿ ಪ್ರಕಾರ. ಗುಮಾಸ್ತನೇ ಎಲ್ಲರಿಗಿಂತ ಕಿರಿಯ. ಹನ್ನೊಂದು ದಿನದಿಂದ ತೊಳೆದೂ ತೊಳೆದೂ ಅವನ ಅಂಗೈ ಗೆರೆಗಳೇ ಮಾಸಿದ್ದವು. ಹನ್ನೆರಡನೆಯ ದಿನವೂ ಸೋತರೆ ವರ್ಷವಿಡೀ ಆ ಕೆಲಸ ಅವನದೇ ಎಂದು ಮ್ಯಾನೇಜರು ಅಪ್ಪಣೆ ಹೊರಡಿಸಿದ್ದರು.

ಅದಕ್ಕೇ ಹನ್ನೆರಡನೆಯ ದಿನ ಬೆಳಗ್ಗೆ ಹಾಲಿನ ವ್ಯಾನ್ ಓಡಿಸುವ ಹೆಂಡತಿಯ ತಮ್ಮನನ್ನು ಹಿಡಿದ.

"ಒಂಬತ್ತಕ್ಕೆ ಸರಿಯಾಗಿ ನಮ್ ವ್ಯಾನ್ ಮುಂದೆ ಬಂದು ನಿಂತ್ಕೊಳೋ, ಪುಣ್ಯ ಬರತ್ತೆ."

"ಆಯ್ತು ಭಾವ. ನಿಮ್ ಡಬ್ಬಿ ಕಷ್ಟ ನನಗೂ ನೋಡಕ್ಕಾಗ್ತಿಲ್ಲ."

ಅವನ ಗಾಡಿಯ ಅಕ್ಷರಗಳು ಎಂ, ಎಲ್, ಕೆ. ಮಹಡಿ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ದಿಂಬಿನಷ್ಟು ದಪ್ಪದ ನಿಘಂಟು ಬಿಚ್ಚಿ ನಾಲ್ಕು ಪದ ತೆಗೆದರು: ಮ್ಯಾಚ್‌ಲಾಕ್, ಹೆಮ್‌ಲಾಕ್, ಮೆಟಲ್‌ವರ್ಕ್, ಡ್ರೀಮ್‌ಲೈಕ್.

"ಸಾಕು ಸಾರ್. ಅವರು ಎರಡು ಹೊಡೆದ್ರೂ ನನಗೆ ಎರಡು ಉಳಿಯತ್ತೆ."

"ಐದನೇದೂ ಒಂದಿರ್ಲಿ. ನೀನು ಹೊರಡಪ್ಪ, ಅದನ್ನ ನಾನು ಹುಡುಕ್ತೀನಿ," ಎಂದರು ಮೇಷ್ಟ್ರು.

ಒಂಬತ್ತಕ್ಕೆ ಕೆಂಪು ದೀಪ ಬಿತ್ತು. ಹಾಲಿನ ವ್ಯಾನು ಹೇಳಿದಂತೆಯೇ ಮುಂದೆ ಬಂದು ನಿಂತಿತು. ಗುಮಾಸ್ತ ಮೀಸೆಯಡಿಯಲ್ಲೇ ನಕ್ಕ.

"ಮ್ಯಾಚ್‌ಲಾಕ್," ಎಂದರು ಮ್ಯಾನೇಜರು.

"ಹೆಮ್‌ಲಾಕ್," ಎಂದ ಕ್ಯಾಷಿಯರ್. ಗುಮಾಸ್ತನ ನಗು ಅರ್ಧಕ್ಕಿಳಿಯಿತು.

"ಮೆಟಲ್‌ವರ್ಕ್," ಎಂದಳು ಟೈಪಿಸ್ಟ್.

"ಡ್ರೀಮ್‌ಲೈಕ್," ಎಂದು ಸ್ಟೋರ್‌ಕೀಪರ್ ಆಕಳಿಸಿದ.

ಗುಮಾಸ್ತನ ನಾಲ್ಕೂ ಪದ ಖಾಲಿ. ಮುಂದೆ ಭಾವಮೈದುನ ಕೆಳಗಿಳಿದು, ತನ್ನ ಗಾಡಿಯ ಹಿಂಬಾಗಿಲನ್ನು ದಬದಬ ತಟ್ಟತೊಡಗಿದ. ಪಾಪ, ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ಗುಮಾಸ್ತ ಕೈಬೀಸಿದ. ಅಷ್ಟರಲ್ಲಿ ಹಸಿರು ದೀಪ ಬಂತು.

ಮಧ್ಯಾಹ್ನ ಡಬ್ಬಿ ಕೊಡುತ್ತ ಟೈಪಿಸ್ಟ್ ಅಂದಳು: "ನಿಮ್ ಮೇಷ್ಟ್ರು ಎಷ್ಟು ಒಳ್ಳೆಯವರು! ನಾವೆಲ್ಲ ಅವರ ಹಳೇ ಶಿಷ್ಯರು ನೋಡಿ. ಬೆಳಗ್ಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ನಾಲ್ಕು ಪದ ಓದಿ ಹೇಳಿ, ನಿಮಗೋಸ್ಕರ ಐದನೇದು ಕೇಳಿದ್ರು. ಐದನೇದು ನಮಗೂ ಹೊಳೀಲಿಲ್ಲ."

ಗುಮಾಸ್ತನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮ್ಯಾನೇಜರ ಡಬ್ಬಿಯ ತಳದಲ್ಲಿ ಅವನಿಗೆಂದೇ ಬಿಟ್ಟಿದ್ದ ಕೇಕಿನ ತುಂಡು ಬೇರೆ ಸಿಕ್ಕಿತು. ವರ್ಷವಿಡೀ ಹೀಗೇ ಸಿಗುವುದಾದರೆ ಅಡ್ಡಿಯಿಲ್ಲ ಎನಿಸಿತು.

ಸಂಜೆ ಭಾವಮೈದುನ ಮುಖ ಊದಿಸಿಕೊಂಡು ಬಂದ. "ಏನ್ ಭಾವ ನೀವು! ಕೈ ಊದೋ ಹಾಗೆ ತಟ್ಟಿ ತೋರಿಸಿದ್ರೂ ಟಾಟಾ ಮಾಡ್ತೀರಲ್ಲ!"

"ಏನೋ ತೋರಿಸ್ದೆ?"

ಅವನು ಬೀದಿಯತ್ತ ಬೆರಳು ಮಾಡಿದ. ಗಾಡಿಯ ಹಿಂಬಾಗಿಲ ತುಂಬ, ಆಳೆತ್ತರದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದ ಬರೆದಿತ್ತು: ಮಿಲ್ಕ್.