ಅತ್ತೆಯವರ ಜೋಗುಳವೂ ನನ್ನ ಹಾರ್ಡ್‌ಡಿಸ್ಕೂ

ಯಂತ್ರಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮರಾಠಿ ಸೀಮೆಯ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಗಳಿಂದ ಕೆಟ್ಟ ಯಂತ್ರಗಳ ರಿಪೇರಿಯೇ ನನ್ನ ಕಸುಬು. ಆನೆಯಷ್ಟು ದೊಡ್ಡ ಪ್ರೆಸ್ಸುಗಳು ನನ್ನ ಕೆಮ್ಮು ಕೇಳಿದರೆ ಸಾಕು, ಓಡತೊಡಗುತ್ತವೆ. ಹೀಗಿರುವಾಗ ಅಂಗೈಯಗಲದ ಹಾರ್ಡ್‌ಡಿಸ್ಕ್ ನನ್ನನ್ನು ಏನು ಮಾಡೀತು?

ಆ ಹಳೆಯ ಡಿಸ್ಕಿನಲ್ಲಿ ಅತ್ತೆಯವರ ಜೋಗುಳವಿತ್ತು. ಧಾರವಾಡದ ಅತ್ತೆಯವರು ತಾವೇ ಕಟ್ಟಿದ ಹಾಡು, ಎಲ್ಲೂ ಬರೆದಿಟ್ಟಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ನನ್ನ ಹೆಂಡತಿ ವಿಜಯಾಗೆ ಅದರ ಎರಡೇ ನುಡಿ ನೆನಪು. ಬರುವ ಭಾನುವಾರ ನಮ್ಮ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಸಂಭ್ರಮ.

"ಅವ್ವ ಹಾಡಿದ್ದನ್ನ ನೀವ ರೆಕಾರ್ಡ್ ಮಾಡಿದ್ರಲ್ರಿ, ತೊಟ್ಟಿಲ ಮುಂದ ಅದನ್ನ ಹಚ್ಚೂಣು. ನನಗ ಬ್ಯಾರೆ ಏನೂ ಬ್ಯಾಡ," ಎಂದಳು ವಿಜಯಾ.

ಎರಡು ನಿಮಿಷದ ಕೆಲಸ ಎಂದೆ. ಡಿಸ್ಕನ್ನು ಎರಡು ಭಾಗ ಮಾಡಿ, ಒಂದರಲ್ಲಿ ಆಫೀಸು, ಇನ್ನೊಂದರಲ್ಲಿ ಮನೆ ಎಂದು ಶಿಸ್ತಾಗಿ ಇಟ್ಟಿದ್ದೆ. ಲ್ಯಾಪ್‌ಟಾಪಿಗೆ ಜೋಡಿಸಿದೊಡನೆ ಆಫೀಸಿನ ಭಾಗ ತೆರೆದುಕೊಂಡಿತು. ಯಾರಿಗೂ ಬೇಡದ ಗ್ರೀಸ್ ಬಳಕೆಯ ಪಟ್ಟಿಗಳೆಲ್ಲ ಅಕ್ಷರ ಮುಕ್ಕಾಗದೆ ಎದ್ದು ಬಂದವು! ಮನೆಯ ಭಾಗ ಮಾತ್ರ ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಇದನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಲ್ಯಾಪ್‌ಟಾಪ್ ವಿನಯದಿಂದ ಕೇಳಿತು. ಅಷ್ಟು ಮರ್ಯಾದೆಯಿಂದ ಕೇಳಿದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. 'ಹೌದು' ಒತ್ತಲು ಬೆರಳು ಎತ್ತಿದ್ದೆ. ಹಾಗೆ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆಂದು ಕೆಳಗೇ ಬರೆದಿದೆಯಲ್ಲ ಎಂದು ವಿಜಯಾ ನನ್ನ ಕೈ ಹಿಡಿದೆಳೆದಳು.

ಕಾರ್ಖಾನೆಯ ಪದ್ಧತಿಯಂತೆ ಡಿಸ್ಕನ್ನು ನಾಲ್ಕು ಸಲ ಕುಟ್ಟಿದೆ. ಉಪಯೋಗವಾಗಲಿಲ್ಲ. ಆಮೇಲೆ ಮೊಬೈಲಿನಲ್ಲಿ ಒಬ್ಬ ಮಹಾನುಭಾವನ ವಿಡಿಯೋ ಸಿಕ್ಕಿತು. ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದಂತೆ! ನನಗೆ ರೋಮಾಂಚನವಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಸಿ ಬಟಾಣಿಯ ಪಕ್ಕದಲ್ಲಿ ಮಲಗಿಸಿದೆ. ಮಧ್ಯಾಹ್ನ ಪಲ್ಯಕ್ಕೆ ಬಟಾಣಿ ತೆಗೆಯಲು ಹೋದ ವಿಜಯಾ ಅಲ್ಲೇ ನಿಂತುಬಿಟ್ಟಳು.

"ರೀ, ನಮ್ಮವ್ವನ್ನ ಫ್ರೀಜರಿನ್ಯಾಗ ಇಟ್ಟೀರೇನ್ರಿ?"

ಹೊರತೆಗೆದರೆ ಡಿಸ್ಕ್ ಬೆವರುತ್ತಿತ್ತು. ಒರೆಸಿ, ಅವಳ ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟೆ. ಈಗ ಆಫೀಸಿನ ಭಾಗವೂ ಮಾಯವಾಯಿತು. ಅಲ್ಲಿಗೆ ನನ್ನ ತಾಂತ್ರಿಕ ಜ್ಞಾನ ಸಂಪೂರ್ಣ ವಿನಿಯೋಗವಾದಂತಾಯಿತು. ವಿಜಯಾ ಡಿಸ್ಕನ್ನು ನನ್ನ ಕೈಯಿಂದ ಕಸಿದುಕೊಂಡಳು.

ಮರುದಿನ ಇಬ್ಬರೂ ಸ್ವಾರಗೇಟ ಹತ್ತಿರದ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯ ಒಡತಿ ದೀಪ ಹಚ್ಚಿ, ಭೂತಗನ್ನಡಿ ಹಿಡಿದು, ಕೇಬಲ್ ಸಿಕ್ಕಿಸುವ ಕಿಂಡಿಯೊಳಗೆ ಚಿಮಟ ಹಾಕಿದಳು. ಕೆಂಪಗಿನ ಏನೋ ಒಂದು ಹೊರಬಂತು.

"ಕಾಕಾ, ಹೇ ಕಾಯ?" ಎಂದು ಮರಾಠಿಯಲ್ಲಿ ಕೇಳಿದಳು. ಏನಿದು?

ಅದು ಅಕ್ಷತೆಯ ಕಾಳು. ದಸರೆಯ ಖಂಡೆ ಪೂಜೆಯ ದಿನ ನಾನು ನಟ್ಟು ತಿರುಗಿಸುವ ಪಾನಾದಿಂದ ಹಿಡಿದು ಮಿಕ್ಸರಿನವರೆಗೆ ಯಾವ ಆಯುಧವನ್ನೂ ಬಿಟ್ಟವನಲ್ಲ. ಡಿಸ್ಕಿಗೂ ಪ್ರತಿವರ್ಷ ಕುಂಕುಮ, ಅರಿಷಿಣ, ಒದ್ದೆ ಅಕ್ಷತೆ. ನನ್ನ ಭಕ್ತಿಯಿಂದಾಗಿ ಕೇಬಲ್ ಸಡಿಲಾಗಿ, ಸಂಪರ್ಕ ಮತ್ತೆ ಮತ್ತೆ ತಪ್ಪಿ, ಮನೆಯ ಭಾಗ ಕೆಟ್ಟಿತ್ತು. ಪುಸ್ತಕ ಒಳಗಿದೆ, ಪರಿವಿಡಿ ಮಾತ್ರ ಹರಿದಿದೆ, ಶನಿವಾರದೊಳಗೆ ನೋಡುತ್ತೇನೆ ಎಂದಳು ಆಕೆ. ಅಲ್ಲಿಯವರೆಗೆ ಕಾಕಾ ಇದನ್ನು ಮುಟ್ಟಬಾರದು ಎಂಬ ಷರತ್ತನ್ನು ವಿಜಯಾ ನನಗಿಂತ ಮೊದಲು ಒಪ್ಪಿಕೊಂಡಳು.

ಶನಿವಾರ ಜೋಗುಳ ಸಿಕ್ಕಿತು! ಕಡತದ ಹೆಸರೂ ಹಾಗೆಯೇ ಇತ್ತು. ನಾನು ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ. ಒಮ್ಮೆ ಹಚ್ಚಿ ನೋಡೋಣ ಎಂದಳು ಒಡತಿ. ಸ್ವತಃ ರೆಕಾರ್ಡ್ ಮಾಡಿದವನು ನಾನು, ಪರೀಕ್ಷೆ ಯಾತಕ್ಕೆ ಎಂದು ಎದ್ದುಬಂದೆ.

ಭಾನುವಾರ ದೊಡ್ಡ ಸ್ಪೀಕರ್ ತರಿಸಿದೆ. ಬಂಧುಗಳೆಲ್ಲ ತೊಟ್ಟಿಲ ಸುತ್ತ ಸೇರಿದರು. ಡಿಸ್ಕ್ ಪುನರ್ಜನ್ಮದ ಕಥೆಯನ್ನು ಸಂಕ್ಷಿಪ್ತವಾಗಿ ಹೇಳಿ ಗುಂಡಿ ಒತ್ತಿದೆ. ಸ್ಪೀಕರಿನಿಂದ ಗಟ್ಟಿಯಾದ, ಸ್ಪಷ್ಟವಾದ ದನಿ ಹೊರಟಿತು. ನನ್ನದು!

ಫೋನನ್ನು ಎಷ್ಟು ದೂರ ಹಿಡಿಯಬೇಕು, ಫ್ಯಾನ್ ಯಾಕೆ ಆರಿಸಬೇಕು, ದನಿಯ ಅಲೆ ಎಂದರೇನು, ಕಾರ್ಖಾನೆಯಲ್ಲಿ ನಾನು ಸದ್ದು ಕೇಳಿಯೇ ಬೇರಿಂಗಿನ ರೋಗ ಹಿಡಿಯುವುದು ಹೇಗೆ. ಏಳು ನಿಮಿಷ! ಕೂಸು ನಿದ್ದೆ ಹೋಯಿತು. ಕೊನೆಗೆ ಅತ್ತೆಯವರ ಶಾಂತವಾದ ದನಿ ಬಂತು.

"ಅಳಿಯಂದ್ರ, ನಿಮ್ಮ ಮಾತು ಮುಗೀಲಿ. ಆಮ್ಯಾಲೆ ಹಾಡ್ತೀನಿ."

ಅಷ್ಟೇ. ಅಲ್ಲಿಗೆ ಫೋನಿನಲ್ಲಿ ಜಾಗ ಮುಗಿದಿತ್ತು. ಆಮೇಲೆ ಅವರು ಹಾಡಿದ್ದು ನಿಜ. ನಿಂತುಹೋದ ಫೋನನ್ನು ಅವರ ಮುಂದೆ ಹಿಡಿದು ನಾನು ತಲೆದೂಗಿದ್ದೂ ನಿಜ.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ವಿಜಯಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು, ತನಗೆ ಬರುವ ಎರಡು ನುಡಿಯನ್ನೇ ನಾಲ್ಕು ಸಲ ಹಾಡಿ ತೊಟ್ಟಿಲು ತೂಗಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುವಾರ ಅವಳು ಒಬ್ಬಳೇ ಅದೇ ಅಂಗಡಿಗೆ ಹೋಗಿ, ನನ್ನ ಏಳು ನಿಮಿಷವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ತನ್ನ ಫೋನಿಗೆ ರಿಂಗ್‌ಟೋನ್ ಮಾಡಿಸಿಕೊಂಡು ಬಂದಿದ್ದಾಳೆ. ನನ್ನ ಕರೆಗೆ ಮಾತ್ರ! ಈಗ ನಾನು ಫೋನ್ ಮಾಡಿದಾಗಲೆಲ್ಲ ಮೊದಲು ಅತ್ತೆಯವರು ಮಾತಾಡುತ್ತಾರೆ. ವಿಜಯಾ ಅದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಒಮ್ಮೊಮ್ಮೆ ಎರಡು ಸಲ. ಆಮೇಲೆ, ನೆನಪಾದರೆ, ನನ್ನ ಫೋನ್ ಎತ್ತುತ್ತಾಳೆ.